ಬರೆದವನಿಗೆ ದಂಡ, ಹಾಡಿದವನಿಗೆ ಛಡಿಯೇಟು

ಪ್ರಶ್ನೆ: 17ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಬೀದಿಯಲ್ಲಿ ಬ್ಯಾಲಡ್ ಹಾಡಿ ಮಾರುತ್ತಿದ್ದವರೆಲ್ಲ ರಾಜನ ಕಡೆಯವರು, ಪಾರ್ಲಿಮೆಂಟು ಅವರ ಬಾಯಿ ಮುಚ್ಚಿಸಿತು ಎಂದೇ ಎಲ್ಲ ಕಡೆ ಇದೆ. ಅವರು ನಿಜಕ್ಕೂ ರಾಜಭಕ್ತರೋ, ಹೊಟ್ಟೆಪಾಡಿಗೆ ಬರೆದವರೋ? ಪಾರ್ಲಿಮೆಂಟಿನ ಕಡೆ ಹಾಡುಗಳೇ ಇರಲಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಹೊಟ್ಟೆಪಾಡು, ಆಮೇಲೆ ರಾಜಭಕ್ತಿ. ಬ್ಯಾಲಡ್ ಎಂದರೆ ಒಂದೇ ಮಗ್ಗುಲಿಗೆ ಅಚ್ಚಾದ ಹಾಳೆ. ಮೇಲೆ ಮರದ ಅಚ್ಚಿನ ಚಿತ್ರ, ಬೆಲೆ ಪೆನ್ನಿಯ ಆಸುಪಾಸು. ಕೊಲೆ, ಗಂಡಹೆಂಡಿರ ಜಗಳ, ವಿಚಿತ್ರ ಹುಟ್ಟು, ಯಾವುದಕ್ಕೆ ಗಿರಾಕಿ ಇದೆಯೋ ಅದರ ಮೇಲೆ ಹಾಡು. ಸ್ವರಲಿಪಿ ಸಾಮಾನ್ಯವಾಗಿ ಇರುತ್ತಿರಲಿಲ್ಲ, ‘ಇಂಥ ಹಾಡಿನ ಮಟ್ಟು’ ಎಂದಷ್ಟೇ ಬರೆದಿರುತ್ತಿತ್ತು. ನಮ್ಮ ಹಳೇ ಕಂಪನಿ ನಾಟಕಗಳ ಹಾಡಿನ ಪುಸ್ತಕ ನೋಡಿದವರಿಗೆ ಇದು ಹೊಸದೇನಲ್ಲ.

ಇವರಲ್ಲಿ ಹೆಸರುವಾಸಿ ಮಾರ್ಟಿನ್ ಪಾರ್ಕರ್. ಯುದ್ಧಕ್ಕೆ ಮುಂಚೆ ಎಲ್ಲ ಬಗೆಯ ಸರಕನ್ನೂ ಬರೆದು ಮಾರಿದವನು. ರಾಜನ ಕಡೆ ಅವನ ಒಲವು ನಿಜವೇ ಇತ್ತು. ‘ರಾಜ ಮತ್ತೆ ತನ್ನದನ್ನು ಪಡೆದಾಗ’ ಎಂಬ ಪಲ್ಲವಿಯ ಅವನ ಹಾಡು 1643ರದು. ಅದು ಶುರುವಾಗುವುದು ರಾಜನ ಹೊಗಳಿಕೆಯಿಂದಲ್ಲ, ಪಾರ್ಲಿಮೆಂಟಿಗೆ ಬೇಕಾದ ಭವಿಷ್ಯ ಹೇಳುತ್ತಿದ್ದ ಪಂಚಾಂಗದವನು ಜಾನ್ ಬುಕರ್‌ನ ಗೇಲಿಯಿಂದ. ಮುಂದೆ ಲಂಡನ್ನಿನಲ್ಲಿ ರಾಜ ಬಿಟ್ಟುಹೋದ ವೈಟ್‌ಹಾಲ್ ಅರಮನೆ ಬರುತ್ತದೆ: ರೇಷ್ಮೆ ತೂಗುತ್ತಿದ್ದ ಗೋಡೆಗಳಲ್ಲಿ ಈಗ ಜೇಡರ ಬಲೆ. ಎದುರಾಳಿಗಳನ್ನು ಬೈಯುವ ಬದಲು ಖಾಲಿ ಮನೆ ತೋರಿಸಿಬಿಟ್ಟ. ಗಟ್ಟಿ ಕಸುಬುದಾರ.

ಹಾಡಿಗಿಂತ ಅದರ ಮಟ್ಟು ದೂರ ಹೋಯಿತು. 1646ರ ಏಪ್ರಿಲ್‌ನಲ್ಲಿ ‘ತಲೆಕೆಳಗಾದ ಲೋಕ’ ಎಂಬ ಹಾಳೆ ಬಂತು. ಅದನ್ನು ಹಾಡಬೇಕಾದದ್ದು ಇದೇ ಮಟ್ಟಿನಲ್ಲಿ. ಪಾರ್ಲಿಮೆಂಟಿನ ಕಡೆಯ ಕಟ್ಟಾ ಪ್ರೊಟೆಸ್ಟೆಂಟರಾದ ಪ್ಯೂರಿಟನ್ನರು ಕ್ರಿಸ್‌ಮಸ್ ಬೇಡವೆನ್ನುತ್ತಿದ್ದ ಹೊತ್ತು. ಹಿಂದಿನ ವರ್ಷ ನೇಸ್ಬಿ ಕಾಳಗದಲ್ಲಿ ರಾಜನ ಸೈನ್ಯ ಮುರಿದಿತ್ತಲ್ಲ, ಅಲ್ಲೇ ಕ್ರಿಸ್‌ಮಸ್ಸೂ ಸತ್ತಿತು, ಜೊತೆಗೆ ದಾನಧರ್ಮ, ಹುರಿದ ದನದ ಮಾಂಸ ಎಲ್ಲವೂ ಸತ್ತವು ಎಂದು ಹಾಡು ಗೋಳಿಡುತ್ತದೆ. ಪದಗಳಲ್ಲಿ ಹಬ್ಬದೂಟದ ಹಲುಬು, ಕಿವಿಯಲ್ಲಿ ಮಾತ್ರ ‘ರಾಜ ಮರಳಿ ಬರುತ್ತಾನೆ’. ಸಿಳ್ಳೆ ಹಾಕಿದರೂ ಕೇಳುವವರಿಗೆ ಅರ್ಥವಾಗುತ್ತಿತ್ತು. ಸಿಳ್ಳೆಗೆ ಯಾವ ಪರವಾನಗಿ ಕೇಳುತ್ತೀರಿ! ಆ ಹಾಳೆಯ ತಿಂಗಳು ನಮಗೆ ತಿಳಿದಿರುವುದು ಲಂಡನ್ನಿನ ಪುಸ್ತಕ ವ್ಯಾಪಾರಿ ಜಾರ್ಜ್ ಥಾಮಸನ್‌ನಿಂದ. 1640ರಿಂದ 1661ರವರೆಗೆ ಸುಮಾರು 22,000 ಹಾಳೆ, ಕಿರುಹೊತ್ತಿಗೆಗಳನ್ನು ಗುಡ್ಡೆಹಾಕಿದ ಈತ ಅನೇಕದರ ಮೇಲೆ ಕೈಯಾರೆ ತಾರೀಖು ಬರೆದಿಟ್ಟ. ಆ ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇನ್ನು ಬಾಯಿ ಮುಚ್ಚಿಸಿದ ಮಾತು. ನಾಟಕಶಾಲೆಗಳು 1642ರಲ್ಲೇ ಬಾಗಿಲು ಹಾಕಿದ್ದವು. 1647ರ ಸುಗ್ರೀವಾಜ್ಞೆ ಪರವಾನಗಿ ಇಲ್ಲದ ಬರಹಕ್ಕೆ ಶಿಕ್ಷೆ ಗೊತ್ತುಮಾಡಿತು: ಬರೆದವನಿಗೆ 40 ಷಿಲಿಂಗ್ ದಂಡ, ಅಚ್ಚು ಹಾಕಿದವನಿಗೆ 20, ಅಂಗಡಿಯವನಿಗೆ 10. ಬೀದಿಯಲ್ಲಿ ಹಾಡಿ ಮಾರಿದವನಿಗೆ? ಸರಕೆಲ್ಲ ಜಪ್ತಿ, ಮೇಲೆ ಪುಂಡಪೋಕರಿಗೆ ಕೊಡುವಂಥ ಛಡಿಯೇಟು. ‘ಬ್ಯಾಲಡ್‌ಕಾರರು’ ಎಂದು ಒಟ್ಟಾಗಿ ಹೇಳಿಬಿಡುತ್ತೇವೆ, ಆದರೆ ಬೆನ್ನು ಕೊಟ್ಟವರು ಹಾಡಿದವರು. ಅವರ ಹೆಸರು ಹಾಳೆಯ ಮೇಲೆ ಇರುತ್ತಿರಲಿಲ್ಲ.

ಪಾರ್ಲಿಮೆಂಟಿನವರೂ ಹಾಡಿದರು, ಹೆಚ್ಚಾಗಿ ಬೈಬಲ್ಲಿನ ಕೀರ್ತನೆಗಳನ್ನು. 1650ರಲ್ಲಿ ಸ್ಕಾಟ್ಲೆಂಡಿನ ಡನ್‌ಬಾರ್‌ನಲ್ಲಿ ಗೆದ್ದ ಪಾರ್ಲಿಮೆಂಟಿನ ಸೇನಾಪತಿ ಕ್ರಾಮ್‌ವೆಲ್, ಓಡುವ ಶತ್ರುವನ್ನು ಅಟ್ಟುವ ಮುಂಚೆ ಸೈನ್ಯವನ್ನು ನಿಲ್ಲಿಸಿ 117ನೇ ಕೀರ್ತನೆ ಹಾಡಿಸಿದ. ಕೀರ್ತನೆಗಳಲ್ಲೆಲ್ಲ ಅತಿ ಚಿಕ್ಕದು ಅದು, ಎರಡೇ ಚರಣ! 1649ರಲ್ಲಿ ಸರ್ರೆಯ ಸೇಂಟ್ ಜಾರ್ಜ್ ಬೆಟ್ಟದಲ್ಲಿ ಬಂಜರು ಅಗೆದು ಬಿತ್ತಿದ ಬಡ ಡಿಗ್ಗರರಿಗೂ ‘ಎದ್ದು ನಿಲ್ಲಿ’ ಎನ್ನುವ ಹಾಡೊಂದಿತ್ತು. ಸೈನ್ಯದ ಕಾರ್ಯದರ್ಶಿಯಾಗಿದ್ದ ವಿಲಿಯಂ ಕ್ಲಾರ್ಕ್‌ನ ಕಾಗದಪತ್ರಗಳಲ್ಲಿ ಸೇರಿಕೊಂಡಿದ್ದ ಅದು ಆ ಪತ್ರಗಳೊಡನೆ ಅಚ್ಚಾದದ್ದು 1894ರಲ್ಲಿ.

ಆದರೂ ‘ಎಲ್ಲ ಕಡೆ’ ರಾಜಪಕ್ಷದ ಹಾಡುಗಳೇ ಏಕೆ ಕಾಣುತ್ತವೆ ಎಂದರೆ, 1660ರಲ್ಲಿ ಆ ರಾಜನ ಮಗ ಎರಡನೇ ಚಾರ್ಲ್ಸ್ ಮರಳಿ ಬಂದು ಪಟ್ಟವೇರಿದ. 1662ರಲ್ಲಿ ‘ರಂಪ್’ ಎಂಬ ದೊಡ್ಡ ಸಂಕಲನ ಹೊರಬಂತು. ಹಳೆಯ ಪಾರ್ಲಿಮೆಂಟನ್ನು ಹಂಗಿಸುವ ಹಾಡುಗಳನ್ನು ಆರಿಸಿ ತುಂಬಿದ ಪುಸ್ತಕ ಅದು. ನೀವು ಓದುತ್ತಿರುವ ಪುಸ್ತಕ ಹಾಡುಗಳನ್ನು ಎತ್ತಿಕೊಂಡಿರುವುದು ಅಲ್ಲಿಂದಲೋ, ಥಾಮಸನ್‌ನ ಹಾಳೆಗಳಿಂದಲೋ ಎಂದು ಒಮ್ಮೆ ಅಡಿಟಿಪ್ಪಣಿ ನೋಡಿ.