ಕೀ ಯಾರ ಹತ್ರ ಇದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಬೆಂಗಳೂರಲ್ಲಿರೋ ಹಳೇ ವಿದ್ಯಾರ್ಥಿಗಳು ಸೇರಿ 2 ಲಕ್ಷ ಕೊಡ್ತೀವಿ, ಏಳನೇ ಕ್ಲಾಸಿನ ಮಕ್ಕಳಿಗೆಲ್ಲ ಟ್ಯಾಬ್ ಕೊಡ್ಸಿ ಅಂತಿದಾರೆ. ಶಾಲೇಲಿ ಈಗಾಗ್ಲೇ ದಾನಿಗಳು ಕೊಟ್ಟ 6 ಕಂಪ್ಯೂಟರ್ ಇದಾವೆ, ಆದ್ರೆ ಆ ರೂಮಿಗೆ ಯಾವಾಗ್ಲೂ ಬೀಗ. ಟ್ಯಾಬ್ ತಗೊಳ್ಳೋದಾ ಬೇಡ್ವಾ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, ತಿಪಟೂರು ತಾಲ್ಲೂಕು

ಉತ್ತರ: ಅಧ್ಯಕ್ಷರೇ, ದುಡ್ಡಿನ ಮಾತು ಆಮೇಲೆ, ಮೊದ್ಲು ಆ ರೂಮಿನ ಕೀ ಯಾರ ಹತ್ರ ಇದೆ ಅಂತ ಕೇಳಿ. ಹೆಡ್‌ಮಾಷ್ಟ್ರ ಬೀರುವಲ್ಲಿ ಇರುತ್ತೆ, ಯಾಕಂದ್ರೆ ಸ್ಟಾಕ್ ರಿಜಿಸ್ಟರಿಗೆ ಏರಿದ ದಿನವೇ ಕಂಪ್ಯೂಟರ್ ಅನ್ನೋದು ಮಕ್ಕಳ ಸಾಮಾನಾಗಿ ಉಳಿಯಲ್ಲ, ಹೆಡ್‌ಮಾಷ್ಟ್ರ ತಲೆನೋವಾಗುತ್ತೆ, ಯಾವ್ದೋ ಹುಡುಗ ಕೆಡಿಸಿಬಿಟ್ರೆ ನಾಳೆ ನನ್ನ ಸಂಬಳಕ್ಕೇ ಬರುತ್ತೇನೋ ಅಂತ ಭಯ. ಅವರನ್ನ ಬೈಬೇಡಿ. ಮೀಟಿಂಗಲ್ಲಿ 'ಮಕ್ಕಳು ಬಳಸುವಾಗ ಕೆಟ್ರೆ ರಿಪೇರಿ ಖರ್ಚು ಸಮಿತೀದು' ಅಂತ ನಡಾವಳಿ ಬರೆದು ಎಲ್ಲರೂ ಸಹಿ ಹಾಕಿ, ಅರ್ಧ ಬೀಗ ಅಲ್ಲೇ ತೆಗೀತು ಅನ್ಕೊಳ್ಳಿ. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅನ್ನೋ ನೆಪ ಈಗ ನಡೆಯಲ್ಲ, ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಅಂತ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳೇ ಘೋಷಿಸಿದಾರೆ.

ಇನ್ನರ್ಧ ಬೀಗ ಯುಪಿಎಸ್ ಬ್ಯಾಟರಿ. ಅದರ ಆಯಸ್ಸು 3-4 ವರ್ಷ ಅಷ್ಟೇ, ಕಂಪ್ಯೂಟರ್ ಕೊಟ್ಟ ದಾನಿಗಳು ಫೋಟೋ ತೆಗ್ಸಿಕೊಂಡು ಹೋಗಿರ್ತಾರೆ, ಬ್ಯಾಟರಿ ಸತ್ತಾಗ ಕೇಳೋಕೆ ಯಾರೂ ಇರಲ್ಲ, ಬೇಸಿಗೇಲಿ ಇಲಿ ಬಂದು ವೈರ್ ಕಡಿದು ಹೋಗಿರುತ್ತೆ. ಹಾಗಾಗಿ 2 ಲಕ್ಷದಲ್ಲಿ 50 ಸಾವಿರ ಮುಟ್ಟಬೇಡಿ, ಅದು ರಿಪೇರಿಗೆ. ಆ 6 ಕಂಪ್ಯೂಟರ್ ಹಳೇವಾಗಿದ್ರೆ ವಿಂಡೋಸ್ ಬದ್ಲು ಲಿನಕ್ಸ್ ಅನ್ನೋ ಫ್ರೀ ಸಿಸ್ಟಮ್ ಹಾಕ್ಸಿ, ಲೈಸೆನ್ಸ್ ದುಡ್ಡಿಲ್ಲ, ವೈರಸ್ ಕಾಟ ಕಮ್ಮಿ. ಒಂದು ಕಂಪ್ಯೂಟರಿಗೆ ಕೊಲಿಬ್ರಿ ಅನ್ನೋ ಸಾಫ್ಟ್‌ವೇರ್ ಹಾಕಿ ಪಕ್ಕದಲ್ಲಿ ಒಂದು ವೈಫೈ ರೌಟರ್ ಇಟ್ರೆ ಇಂಟರ್ನೆಟ್ ಇಲ್ಲದೇನೇ ಮಿಕ್ಕವರೆಲ್ಲ ಅದರಿಂದ ಪಾಠ, ವಿಡಿಯೋ ತೆಗೀಬಹುದು. ವಿಜ್ಞಾನಕ್ಕೆ ಫೆಟ್ ಅಂತ ಅಮೆರಿಕದ ಕೊಲರಾಡೊ ಯೂನಿವರ್ಸಿಟಿಯವರ ಪ್ರಯೋಗಗಳು ಇದಾವೆ, ಫ್ರೀ, ಕೆಲವು ಕನ್ನಡದಲ್ಲೂ ಸಿಗುತ್ತೆ, ಒಂದ್ಸಲ ಇಳಿಸಿಕೊಂಡ್ರೆ ನೆಟ್ ಬೇಡ. ಬಲ್ಬು ಬ್ಯಾಟರಿ ವೈರು ಜೋಡಿಸೋದನ್ನ ಅದರಲ್ಲಿ ಒಂದ್ಸಲ ತೋರ್ಸಿ, ಪೀರಿಯಡ್ ಬೆಲ್ ಹೊಡೆದ್ರೂ ಮಕ್ಕಳು ಏಳಲ್ಲ.

ಟ್ಯಾಬ್ ಬಗ್ಗೆ ಕೇಳಿದ್ರಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಅಂತ ಹಳ್ಳಿ ಶಾಲೆಗಳಿಗೆಲ್ಲ ಹಂಚಿದ್ರು. 2012ರಲ್ಲಿ 319 ಶಾಲೆಗಳ ಅಧ್ಯಯನ ಬಂತು, ಗಣಿತದಲ್ಲೂ ಭಾಷೇಲೂ ಮಾರ್ಕ್ಸ್ ಏನೂ ಮೇಲೆ ಹೋಗಿರಲಿಲ್ಲ. ಮಿಷಿನ್ ಬಂತು, ಅದನ್ನ ಪಾಠದ ಜೊತೆ ಹೆಂಗೆ ಬಳಸ್ಬೇಕು ಅಂತ ಮೇಷ್ಟ್ರಿಗೆ ಹೇಳಿಕೊಡೋ ಕೆಲಸ ಹಿಂದೆ ಬಿತ್ತು. ನಮ್ಮ ಪಕ್ಕದ ಕೇರಳ ಉಲ್ಟಾ ಮಾಡ್ತು. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರು ಮಾಡಿದಾಗಿಂದ್ಲೂ ಅವರು ತಯಾರು ಮಾಡಿದ್ದು ತಮ್ಮದೇ ಶಾಲೆಗಳ ಮೇಷ್ಟ್ರನ್ನ, ಆಮೇಲೆ ಮೈಕ್ರೋಸಾಫ್ಟ್ ಬಿಟ್ಟು ಲಿನಕ್ಸ್‌ಗೆ ಬಂದ್ರು, 2017ರಲ್ಲಿ ಅದೇ ಕೈಟ್ ಅನ್ನೋ ಸಂಸ್ಥೆ ಆಯ್ತು, 45,000 ಕ್ಲಾಸ್‌ರೂಮಿಗೆ ಲ್ಯಾಪ್‌ಟಾಪ್ ಪ್ರೊಜೆಕ್ಟರ್ ಕೊಟ್ಟಿದ್ದು ಆಮೇಲೆ. ನಮ್ಮಲ್ಲೂ ಕೇರಳ ಶುರು ಮಾಡಿದ ಕಾಲಕ್ಕೇ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸೋ ಮಾಹಿತಿ ಸಿಂಧು ಯೋಜನೆ ಬಂದಿತ್ತು, ಆದ್ರೆ ನಡೆಸೋಕೆ ಹೊರಗಿನ ಕಂಪನಿಗಳು, ಗುತ್ತಿಗೆ ಮೇಲೆ ಬಂದ ಕಂಪ್ಯೂಟರ್ ಮೇಷ್ಟ್ರು. ಗುತ್ತಿಗೆ ಮುಗಿದ ಮೇಲೆ ಯಾರು ಹೇಳ್ಕೊಡ್ಬೇಕು ಹೇಳಿ?

ಅದಕ್ಕೇ ನನ್ನ ಲೆಕ್ಕ ಹೀಗಿದೆ. ಒಂದು ಪ್ರೊಜೆಕ್ಟರ್, ಮೇಷ್ಟ್ರಿಗೆ ಒಂದು ಲ್ಯಾಪ್‌ಟಾಪ್, ಹೊಸ ಬ್ಯಾಟರಿ, ಉಳಿದಿದ್ರಲ್ಲಿ ಆಗೋಷ್ಟು ಟ್ಯಾಬ್, 6 ಮಕ್ಕಳಿಗೆ ಒಂದರಂತೆ ಗುಂಪಿಗೆ ಕೊಡೋಕೆ, ಮನೆಗಲ್ಲ. ಹಳೇ ವಿದ್ಯಾರ್ಥಿಗಳಲ್ಲಿ ಸಾಫ್ಟ್‌ವೇರ್ ಕೆಲಸದವರು ಇರ್ತಾರಲ್ಲ, ದುಡ್ಡಿನ ಜೊತೆಗೆ ವರ್ಷಕ್ಕೆ ನಾಲ್ಕು ಶನಿವಾರ ಅವರನ್ನೇ ಕೇಳಿ.

ಪ್ರಶ್ನೆ: ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆನ ವಾಟ್ಸಾಪಲ್ಲಿ ಕಳಿಸಿದ್ರೆ ಎಲ್ಲರ ಮೊಬೈಲಲ್ಲೂ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಬರುತ್ತೆ. ಹತ್ತು ವರ್ಷದ ಫೈಲು ಹೀಗೇ ಇದೆ.
– ಹೈಸ್ಕೂಲ್ ಕನ್ನಡ ಟೀಚರ್, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ತಪ್ಪು ನಿಮ್ದಲ್ಲ, ಹಳೇ ಫಾಂಟಿಂದು. ಅದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತೆ, ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲು. ಯುನಿಕೋಡಲ್ಲಿ, ಅಂದ್ರೆ ಯಾವ ಮೊಬೈಲಲ್ಲೂ ಕನ್ನಡವಾಗೇ ಕಾಣೋ ಪದ್ಧತೀಲಿ, ಟೈಪ್ ಮಾಡಿ. ಈಚಿನ ನುಡಿಯಲ್ಲೇ ಆ ಆಯ್ಕೆ ಇದೆ, ಲಿನಕ್ಸಲ್ಲೂ ಕೆಜಿಪಿ ಅನ್ನೋ ಹೆಸರಲ್ಲಿ ಅದೇ ಕೀಲಿಮಣೆ ಸಿಗುತ್ತೆ, ಬೆರಳಿಗೆ ಹೊಸ ಅಭ್ಯಾಸ ಬೇಡ. ಹಳೇ ಫೈಲಿಗೆ ಕನ್ವರ್ಟರ್ ಸಿಗುತ್ತೆ, ಆದ್ರೆ ಒತ್ತಕ್ಷರ, ಅರ್ಕಾವತ್ತು ಒಂದ್ಸಲ ಕಣ್ಣಾಡಿಸಿ ನೋಡಿ, ಅಲ್ಲೇ ಎಡವೋದು. ಅರ್ಜೆಂಟಿದ್ರೆ ಪಿಡಿಎಫ್ ಮಾಡಿ ಕಳಿಸಿ.

ಪ್ರಶ್ನೆ: ಮನೇಲಿ ಇರೋದು ಒಂದೇ ಫೋನು, ಅದೂ ಯಜಮಾನ್ರ ಜೊತೆ ಗಾರೆ ಕೆಲಸಕ್ಕೆ ಹೋಗುತ್ತೆ. ಸ್ಕೂಲ್ ಗ್ರೂಪಲ್ಲಿ ಹೋಮ್‌ವರ್ಕ್ ಹಾಕ್ತಾರೆ, ಮಗಳು ರಾತ್ರಿ ಒಂಬತ್ತಕ್ಕೆ ನೋಡ್ಬೇಕು.
– ಒಬ್ಬ ತಾಯಿ, ಮಂಡ್ಯ

ಉತ್ತರ: ಅಮ್ಮ, ಇದನ್ನ ಕ್ಲಾಸ್ ಟೀಚರಿಗೆ ಹಿಂಗೇ ಹೇಳಿ, ಹೋಮ್‌ವರ್ಕ್ ಬೋರ್ಡ್ ಮೇಲೂ ಬರೀರಿ ಅಂತ, ನಿಮ್ಮಂಥ ಮನೆ ಆ ಕ್ಲಾಸಲ್ಲಿ ಇನ್ನೂ ಎಷ್ಟೋ ಇರುತ್ತೆ, ಅವರಿಗೆ ಗೊತ್ತಿರಲಿಕ್ಕಿಲ್ಲ. ನೀವು ಹಳ್ಳಿಯವರಾದ್ರೆ ಗ್ರಾಮ ಪಂಚಾಯ್ತಿ ಲೈಬ್ರರಿಗೂ ಒಮ್ಮೆ ಹೋಗಿ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ, ಎಷ್ಟೋ ಕಡೆ ಕಂಪ್ಯೂಟರ್ ಇದೆ. 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾದಾಗಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತೆ ಕೇಳ್ಕೊಂಡು ಬನ್ನಿ.