ಸೂಚ್ಯಂಕದಲ್ಲಿ ಬರವಿಲ್ಲ, ಇಳುವರಿ ಮಾತ್ರ ಅರ್ಧ!

ಪ್ರಶ್ನೆ: ನಾನು ಕೃಷಿ ವಿದ್ಯಾರ್ಥಿನಿ. ಮಳೆ ನಂಬಿದ ಮೆಕ್ಕೆಜೋಳದ ಇಳುವರಿಯನ್ನು, ಮಳೆ ಮಾಮೂಲಿಗಿಂತ ಎಷ್ಟು ಹೆಚ್ಚು-ಕಡಿಮೆ ಎಂದು ಅಳೆಯುವ ಎಸ್‌ಪಿಐ ಸೂಚ್ಯಂಕದ ಜೊತೆ ಹೋಲಿಸುತ್ತಿದ್ದೇನೆ. ಒಂದು ವರ್ಷ ಇಡೀ ಹಂಗಾಮಿನ ಎಸ್‌ಪಿಐ -0.3 ಇದೆ, ಅಂದರೆ ಮಳೆ ಮಾಮೂಲು. ಆದರೆ ಇಳುವರಿ ಅರ್ಧಕ್ಕೆ ಬಿದ್ದಿದೆ. ಸೂಚ್ಯಂಕ ತಪ್ಪಾ, ನನ್ನ ಲೆಕ್ಕ ತಪ್ಪಾ?

ಉತ್ತರ: ಎರಡೂ ಸರಿಯಾಗಿಯೇ ಇರಬಹುದು. ಎಸ್‌ಪಿಐ ಮಳೆಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. 1993ರಲ್ಲಿ ಅಮೆರಿಕದ ವಿಜ್ಞಾನಿ ಮೆಕ್ಕೀ ಮತ್ತು ಜೊತೆಯವರು ಇದನ್ನು ಕೊಟ್ಟಿದ್ದೇ ಹಾಗೆ: ಇಷ್ಟು ತಿಂಗಳಲ್ಲಿ ಬಿದ್ದ ಒಟ್ಟು ಮಳೆ ಆ ಜಾಗದ ಹಳೆಯ ದಾಖಲೆಗೆ ಹೋಲಿಸಿದರೆ ಎಷ್ಟು ಕಡಿಮೆ, ಎಷ್ಟು ಜಾಸ್ತಿ, ಅಷ್ಟೇ. ಬಿತ್ತನೆ ಹೊತ್ತಿಗೆ ಸುರಿದು, ಹೂ ಬಿಡುವಾಗ ಮೂರು ವಾರ ಕೈಕೊಟ್ಟು, ಕೊನೆಗೆ ಮತ್ತೆ ಸುರಿದರೆ ಒಟ್ಟು ಮೊತ್ತ ಸರಿಹೋಗುತ್ತದೆ. ಪೈರು ಮೊತ್ತ ನೋಡಿ ಬೆಳೆಯುವುದಿಲ್ಲ ಅಲ್ವಾ?

ಮೆಕ್ಕೆಜೋಳದಲ್ಲಿ ಇದು ತುಂಬಾ ದುಬಾರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 1979ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಬರೀ ಎಲೆ-ಕಾಂಡ ಬೆಳೆಯುವ ಹಂತದಲ್ಲಿ ಬೆಳೆಯ ನೀರಿನ ಬಳಕೆ ಶೇ. 10ರಷ್ಟು ಕಡಿಮೆಯಾದರೆ ಇಳುವರಿ ಸುಮಾರು ಶೇ. 4 ಇಳಿಯುತ್ತದೆ. ಹೂ ಬಿಡುವಾಗ ಅಷ್ಟೇ ಕೊರತೆಯಾದರೆ ಶೇ. 15! ಹಾಗಾಗಿ ಹಂಗಾಮಿಗೆಲ್ಲ ಒಂದೇ ಅಂಕಿ ಬೇಡ. ಸೂಲಂಗಿ ಬರುವ, ಕಾಳು ಕಟ್ಟುವ ದಿನಗಳನ್ನು ಬಿತ್ತನೆ ದಿನಾಂಕದಿಂದ ಎಣಿಸಿ, ಆ ತಿಂಗಳಿನ ಒಂದು ತಿಂಗಳ ಎಸ್‌ಪಿಐ ಬೇರೆಯಾಗಿ ತೆಗೆದು ನೋಡಿ. ತಿಂಗಳ ಅಂಕಿಯಲ್ಲೂ ಕೊರತೆ ಮುಚ್ಚಿಹೋಗಬಹುದು, ದಿನದ ಮಳೆ ದಾಖಲೆ ಸಿಕ್ಕರೆ ಒಣ ದಿನಗಳನ್ನೇ ಎಣಿಸಿಬಿಡಿ.

ಬಿಸಿಲನ್ನೂ ಮರೆಯಬೇಡಿ. ಮಳೆ ಅಷ್ಟೇ ಇದ್ದು ಸೆಕೆ ಜಾಸ್ತಿಯಾದರೆ ಮಣ್ಣು ಬೇಗ ಒಣಗುತ್ತದೆ, ಎಸ್‌ಪಿಐಗೆ ಅದು ಗೊತ್ತೇ ಆಗುವುದಿಲ್ಲ. 2010ರಲ್ಲಿ ಬಂದ ಎಸ್‌ಪಿಇಐ ಮಳೆಯಿಂದ, ವಾತಾವರಣ ಹೀರಿಕೊಳ್ಳಬಹುದಾದ ನೀರನ್ನು ಕಳೆದು ಲೆಕ್ಕ ಹಾಕುತ್ತದೆ. ಉಷ್ಣಾಂಶದ ದಾಖಲೆ ಇದ್ದರೆ ಅದನ್ನೂ ಜೊತೆಗಿಡಿ. ಹೋಲಿಕೆಗೆ ಕನಿಷ್ಠ 30 ವರ್ಷದ ಮಳೆ ಬೇಕು.

ಪ್ರಶ್ನೆ: ನನ್ನ ದತ್ತಾಂಶದಲ್ಲಿ ಹಳೆಯ ಒಳ್ಳೆ ಮಳೆಯ ವರ್ಷಕ್ಕಿಂತ ಈಚಿನ ಬರದ ವರ್ಷದಲ್ಲೇ ಇಳುವರಿ ಜಾಸ್ತಿ ಇದೆ. ಹೇಗೆ?

ಉತ್ತರ: ತಳಿ, ಗೊಬ್ಬರ ಸುಧಾರಿಸಿದಂತೆ ಇಳುವರಿ ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದಿರುತ್ತದೆ. ಮೊದಲು ಆ ಏರಿಕೆಯ ಗೆರೆ ಎಳೆದು, ಪ್ರತಿ ವರ್ಷದ ಇಳುವರಿ ಗೆರೆಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ತೆಗೆಯಿರಿ. ಸೂಚ್ಯಂಕವನ್ನು ಹೋಲಿಸಬೇಕಾದ್ದು ಆ ವ್ಯತ್ಯಾಸದ ಜೊತೆ. ನೀರಾವರಿ ಹೊಲಗಳು ಸೇರಿದ್ದರೆ ಬೇರೆ ಮಾಡಿ, ಇಲ್ಲದಿದ್ದರೆ ಅವು ಬರದ ಪೆಟ್ಟನ್ನು ಅಂಕಿಯಲ್ಲಿ ಕಾಣದಂತೆ ಮಾಡುತ್ತವೆ, ಮಳೆಯನ್ನೇ ನೆಚ್ಚಿದ ರೈತರ ನಷ್ಟ ನಿಮ್ಮ ಕೋಷ್ಟಕದಿಂದಲೇ ಮಾಯವಾಗುತ್ತದೆ.