ರಕ್ತದಲ್ಲೇ ಸೋಮಾರಿತನ ಇರುತ್ತಾ?

ಪತ್ರ: ಮಗಳಿಗೆ 14 ವರ್ಷ. ಶಾಲೆ, ಟ್ಯೂಷನ್ ಮುಗಿದರೆ ಮೊಬೈಲು. ಮುಂಚೆ ಕೆಳಗೆ ಆಡುತ್ತಿದ್ದಳು, ದೊಡ್ಡವಳಾದ ಮೇಲೆ ನಾವೇ ಬೇಡವೆಂದೆವು. ಪಕ್ಕದ ಮನೆಯ ಮರಾಠಿ ಹುಡುಗಿ ಕಬಡ್ಡಿಗೆ ಹೋಗುತ್ತಾಳೆ. ನಮ್ಮ ಕನ್ನಡದ ಹುಡುಗಿಯರ ರಕ್ತದಲ್ಲೇ ಸೋಮಾರಿತನ ಇದೆಯಾ?
– ಓದುಗರೊಬ್ಬರು, ಡೊಂಬಿವಲಿ

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮಾ. ಪಾಪ, ರಕ್ತವನ್ನು ಯಾಕೆ ಬೈತೀರಿ? ‘ನಾವೇ ಬೇಡವೆಂದೆವು’ ಅಂತ ನೀವೇ ಬರೆದಿದ್ದೀರಲ್ಲ.

ಅಮೆರಿಕದಲ್ಲಿ ಕಪ್ಪು ಮತ್ತು ಬಿಳಿ ಜನಾಂಗದ ಸುಮಾರು 2,400 ಹುಡುಗಿಯರನ್ನು 9-10ನೇ ವಯಸ್ಸಿನಿಂದ 18-19ರವರೆಗೆ ಗಮನಿಸಿದ್ದರು. ಫಲಿತಾಂಶ 2002ರಲ್ಲಿ ಬಂತು. 16-17ರ ಹೊತ್ತಿಗೆ ಬಿಡುವಿನಲ್ಲಿ ಯಾವ ಆಟವನ್ನೂ ಆಡದವರು ಕಪ್ಪು ಹುಡುಗಿಯರಲ್ಲಿ ಶೇ. 56, ಬಿಳಿಯರಲ್ಲಿ ಶೇ. 31. ಇಷ್ಟಕ್ಕೇ ನಿಲ್ಲಿಸಿದರೆ ಜನಾಂಗದ ಗುಣ ಅನ್ನಿಸುತ್ತೆ. ಆದರೆ ವಯಸ್ಸು ಏರಿದಂತೆ ಆಟ ಇಳಿದದ್ದು ಇಬ್ಬರಲ್ಲೂ. ಅಪ್ಪ-ಅಮ್ಮನ ಓದು ಕಡಿಮೆಯಿದ್ದ ಮನೆಗಳಲ್ಲಿ ಇಳಿಕೆ ಜಾಸ್ತಿ.

ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕು ಅನ್ನುತ್ತೆ. ಅದರ 2019ರ ವರದಿಯ ಪ್ರಕಾರ, ಜಗತ್ತಿನಲ್ಲಿ ಶಾಲೆಗೆ ಹೋಗುವ ಶೇ. 85 ಹುಡುಗಿಯರು ಅಷ್ಟು ಮೈ ಬೆವರಿಸುತ್ತಿಲ್ಲ. ಭಾರತದ ಸ್ಥಿತಿ ಸ್ವಲ್ಪ ವಾಸಿ. ಕಾರಣ ಏನಿರಬಹುದು ಅಂದರೆ, ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಮನೆಗೆಲಸವಂತೆ! ಪಾತ್ರೆ ತೊಳೆದದ್ದನ್ನು ಆಟದ ಲೆಕ್ಕಕ್ಕೆ ಸೇರಿಸಲು ನನಗಂತೂ ಮನಸ್ಸಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಗಳನ್ನೇ ನೋಡಿ. ಕಾಂಪೌಂಡ್ ತುಂಬ ಕಾರು. ಚೆಂಡು ಬಾನೆಟ್ಟಿಗೆ ತಗುಲಿದರೆ ವಾಚ್‌ಮನ್ ಸೀಟಿ ಊದುತ್ತಾನೆ. ಹುಡುಗರು ಬ್ಯಾಟು ಎತ್ತಿಕೊಂಡು ಮೈದಾನ ಹುಡುಕಿ ಹೊರಡುತ್ತಾರೆ. ಹುಡುಗಿಯರು ಲಿಫ್ಟ್ ಹತ್ತುತ್ತಾರೆ. ‘ಅಷ್ಟು ದೂರ ಒಬ್ಬಳೇ ಬೇಡ’ ಅನ್ನುವವರು ನಾವೇ ಅಲ್ವಾ? ಕೈಗೆ ಮೊಬೈಲು ಬರೋದು ಆಮೇಲೆ.

ಒಂದು ಭಾನುವಾರ ಮಗಳ ಜೊತೆ ಮುಂಬಯಿಯ ದಾದರಿಗೆ ಬನ್ನಿ. ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದಲ್ಲಿ ಹುಡುಗಿಯರೂ ಮಲ್ಲಖಂಬ (ಕಂಬ ಇಲ್ಲವೇ ಹಗ್ಗದ ಮೇಲಿನ ಕಸರತ್ತು) ಕಲಿಯುತ್ತಾರೆ. ಕಾಲ್ಬೆರಳ ಸಂದಿಯಲ್ಲಿ ಹಗ್ಗ ಹಿಡಿದು ಸರಸರ ಮೇಲೇರುತ್ತಾರೆ. ಅಲ್ಲಿ ಹಿಂದಿನಿಂದಲೂ ಕಲಿಸುತ್ತಾ ಬಂದವರಿದ್ದಾರೆ, ಜೊತೆಗೆ ಹತ್ತಲು ಗೆಳತಿಯರಿದ್ದಾರೆ. ಮರಾಠಿ ಹುಡುಗಿಗೆ ಸಿಕ್ಕಿರೋದು ಅದು.

ಹಾಗಾಗಿ ಪಕ್ಕದ ಮನೆಯವರನ್ನೇ ಕೇಳಿ, ಕಬಡ್ಡಿಗೆ ಇಬ್ಬರೂ ಒಟ್ಟಿಗೆ ಹೋಗಲಿ. ಮುಟ್ಟಿನ ದಿನಗಳಲ್ಲಿ ನೋವಿಲ್ಲದಿದ್ದರೆ ಆಡಬಾರದೆಂದೇನಿಲ್ಲ. ಬೇಕಿರೋದು ಪ್ಯಾಡ್ ಬದಲಿಸಲು ಒಂದು ಜಾಗ. ಸೇರಿಸುವ ಮೊದಲು ಅಲ್ಲಿ ಶೌಚಾಲಯ ಇದೆಯಾ ನೋಡಿಕೊಳ್ಳಿ. ಆಟದ ಹೊತ್ತಿಗೂ ಟ್ಯೂಷನ್ನಿಗೂ ಅಡ್ಡ ಬಂದರೆ ಟ್ಯೂಷನ್ ಮಾಸ್ತರರಿಗೆ ಹೇಳಿ ಬ್ಯಾಚ್ ಬದಲಿಸಿ.